ಅಜ್ಜಿಗೂ ಇಷ್ಟವಾದ ಬಂಡಾಯಗಾರ್ತಿ

ಹೋದ ವಾರ ಮೆಟ್ರೋದಲ್ಲಿ ಅಕ್ಕನ ಮಗಳ ಜೊತೆ ರಾಜಾಜಿನಗರದಿಂದ ಜಯನಗರಕ್ಕೆ ಹೋಗುತ್ತಿದ್ದೆ. ಹತ್ತನೇ ಕ್ಲಾಸು ಓದುವ ಹುಡುಗಿ. ತನ್ನ ಇಯರ್‌ಫೋನ್‌ನಲ್ಲಿ ಒಂದನ್ನು ನನ್ನ ಕಿವಿಗೆ ತುರುಕಿ ಈಗಿನ ಪಾಪ್ ಗಾಯಕಿ ಒಲಿವಿಯಾ ರೋಡ್ರಿಗೋ ಹಾಡು ಹಾಕಿದಳು. "ಇವಳು ರಿಯಲ್, ಚಿಕ್ಕಮ್ಮ. ನಿಮ್ಮ ಕಾಲದ ಆವ್ರಿಲ್ ಲವೀನ್ ಎಲ್ಲಾ ಸುಮ್ನೆ ಮಾರ್ಕೆಟಿಂಗ್" ಅಂದಳು.

ನಿಜ ಹೇಳಬೇಕೆಂದರೆ ನನಗೆ ಉರಿಯಿತು. ಹಾಗೆಂದು ಅವಳು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಅದಕ್ಕೇ ಈ ಬರಹ.

2002ರಲ್ಲಿ ಆವ್ರಿಲ್ ಲವೀನ್ ಆಲ್ಬಮ್ 'ಲೆಟ್ ಗೋ' ಬಂದಾಗ ನಾನು ಪಿಯುಸಿ. ಊರಿಡೀ 'ಅಪ್ಪು' ಹಾಡುಗಳು. ನಾನು ಮಾತ್ರ ಬ್ರಿಗೇಡ್ ರಸ್ತೆಗೆ ಹೋಗಿ, ಬಸ್ ಚಾರ್ಜಿನಲ್ಲಿ ಉಳಿಸಿದ ದುಡ್ಡು ಕೊಟ್ಟು ಆ ಕ್ಯಾಸೆಟ್ ತಂದೆ. ಆವ್ರಿಲ್‌ಗೆ ಆಗ ಹದಿನೇಳು ವರ್ಷ. ಕೆನಡಾದ ನಪನೀ ಅನ್ನುವ ಸಣ್ಣ ಊರಿನವಳು. ಬನಿಯನ್ ಮೇಲೆ ಟೈ, ಕಣ್ಣಿಗೆ ದಪ್ಪ ಕಪ್ಪು, ಮುಖದಲ್ಲಿ ಸಿಡುಕು. ಆಗಿನ ಪಾಪ್ ತಾರೆ ಬ್ರಿಟ್ನಿ ಸ್ಪಿಯರ್ಸ್ ತರದವಳಲ್ಲ ಅನ್ನುವುದೇ ಅವಳ ಜಾಹೀರಾತು.

ತಮಾಷೆ ಏನೆಂದರೆ, ಆ ಬಂಡಾಯ ನಮ್ಮ ಮನೆಯ ಹೊಸ್ತಿಲು ದಾಟಲೇ ಇಲ್ಲ. ಟೈ? ನಾನು ಹತ್ತು ವರ್ಷ ಎಲಾಸ್ಟಿಕ್ ಟೈ ಹಾಕಿಕೊಂಡು ಶಾಲೆಗೆ ಹೋದವಳು. ಅದನ್ನು ಕಿತ್ತು ಬ್ಯಾಗಿಗೆ ತುರುಕುವುದೇ ನಮ್ಮ ಬಂಡಾಯ. ಇವಳು ನೋಡಿದರೆ ಆಸೆಪಟ್ಟು ಕಟ್ಟಿಕೊಂಡಿದ್ದಾಳೆ! ಇನ್ನು ಕಣ್ಣಿನ ಕಪ್ಪು. ಕ್ಯಾಸೆಟ್ಟಿನ ಕವರ್ ನೋಡಿದ ಅಜ್ಜಿ, "ಕಾಡಿಗೆ ಹಚ್ಕೊಂಡು ಲಕ್ಷಣವಾಗಿದಾಳೆ, ನೀನೂ ಇದೀಯ, ಬೋಳು ಕಣ್ಣು" ಎಂದು ನನಗೇ ಬೈದರು. ಆ ಆಲ್ಬಮ್ಮಿನ 'ಕಾಂಪ್ಲಿಕೇಟೆಡ್' ಹಾಡಿನ ವಿಡಿಯೋದಲ್ಲಿ ಹುಡುಗರ ಜೊತೆ ಮಾಲ್‌ಗೆ ನುಗ್ಗಿ ದಾಂಧಲೆ ಮಾಡುತ್ತಾಳೆ. ನಮ್ಮಲ್ಲಿ ಕೋರಮಂಗಲದ ಫೋರಂ ಬಂದದ್ದೇ 2004ರಲ್ಲಿ. ನುಗ್ಗೋಣ ಅಂದರೂ ಎಲ್ಲಿಗೆ?

ಅಲ್ಲದೆ ನಾವು ರೆಬೆಲ್ ಸ್ಟಾರ್ ಅಂದರೆ ಅಂಬರೀಶ್ ಅಂತ ಕಲಿತವರು. ಚುನಾವಣೆ ಬಂದರೆ ಬಂಡಾಯ ಅಂದರೆ ಟಿಕೆಟ್ ಸಿಗದವನ ಮುನಿಸು. ಆ ಪದದ ಬಗ್ಗೆ ನಮಗೆ ಜಾಸ್ತಿ ಭ್ರಮೆ ಇರಲಿಲ್ಲ ಬಿಡಿ.

ಹೀಗೆ ವೇಷ ಕಳಚಿ ಬಿದ್ದ ಮೇಲೆ ನನಗೆ ಉಳಿದದ್ದು ಹಾಡು ಮಾತ್ರ. ಆ ಹಾಡುಗಳು ನಿಂತವು. 'ಕಾಂಪ್ಲಿಕೇಟೆಡ್' ಶುರುವಾಗುವ ರೀತಿ ನೋಡಿ. ಮೆಲ್ಲಗೆ, ಬೇಸರದಲ್ಲಿ ಮಾತಾಡಿದ ಹಾಗೆ ಶುರುವಾಗಿ, ಪಲ್ಲವಿಗೆ ಬಂದಾಗ ಗಂಟಲು ಬಿಚ್ಚಿಕೊಳ್ಳುತ್ತದೆ. ನಾಲ್ಕು ಜನರ ಮುಂದೆ ಬೇರೆಯೇ ಮನುಷ್ಯನಾಗುವ ಹುಡುಗನ ಮೇಲಿನ ಸಿಟ್ಟು ಅದು. ಲೋಕದ ಮೇಲಿನದಲ್ಲ. ಸಣ್ಣ ಸಿಟ್ಟು, ಆದರೆ ಸುಳ್ಳಲ್ಲ. ಅಂಥ ಹುಡುಗರು ನಮ್ಮ ಕಾಲೇಜಿನಲ್ಲೂ ಬೇಕಾದಷ್ಟು ಇದ್ದರು.

ಅವಳು ಒಬ್ಬಳೇ ಬರೆಯಲಿಲ್ಲ ಅನ್ನುವುದು ಹಳೆಯ ತಕರಾರು. ಹೌದು, ದೊಡ್ಡ ಹಿಟ್‌ಗಳ ಹಿಂದೆ ಮೇಟ್ರಿಕ್ಸ್ ಅನ್ನುವ ಮೂರು ಜನರ ತಂಡವಿತ್ತು. ಯಾರು ಎಷ್ಟು ಬರೆದರು ಅನ್ನುವುದರಲ್ಲಿ ಅವರ ಮಾತು ಒಂದು, ಇವಳ ಮಾತು ಇನ್ನೊಂದು. ಇರಲಿ ಬಿಡಿ. 'ಅಪ್ಪು' ಹಾಡು ಹಾಡಿದ ಪುನೀತ್‌ಗೆ "ನೀವೇ ಬರೆದಿರಾ?" ಅಂತ ಯಾರಾದರೂ ಕೇಳಿದೆವಾ? ನಮ್ಮ ಹುಡುಗಿಯ ಮುದ್ದಿನ ಒಲಿವಿಯಾ ಕೂಡ ಏನೂ ಕಡಿಮೆಯಿಲ್ಲ. ಅವಳ 2021ರ 'ಸೋರ್' ಆಲ್ಬಮ್ಮಿನ ಸಿಟ್ಟಿನ ಹಾಡು 'ಗುಡ್ ಫಾರ್ ಯು' ಹಿಟ್ ಆದ ಮೇಲೆ, ಅದನ್ನು ಬರೆದವರ ಪಟ್ಟಿಗೆ ಪ್ಯಾರಾಮೋರ್ ಅನ್ನುವ ರಾಕ್ ಬ್ಯಾಂಡಿನ ಹೇಲಿ ವಿಲಿಯಮ್ಸ್, ಜಾಶ್ ಫಾರೋ ಹೆಸರೂ ಸೇರಿಕೊಂಡವು. 2022ರಲ್ಲಿ ಟೊರಾಂಟೋದಲ್ಲಿ ಅದೇ ಒಲಿವಿಯಾ ಆವ್ರಿಲ್‌ಳನ್ನು ವೇದಿಕೆಗೆ ಕರೆದು ಇಬ್ಬರೂ ಸೇರಿ 'ಕಾಂಪ್ಲಿಕೇಟೆಡ್' ಹಾಡಿದರು. ಇದನ್ನು ಮೆಟ್ರೋದಲ್ಲೇ ಹೇಳಿದೆ. ಹುಡುಗಿ ಕಿಟಕಿಯ ಕಡೆ ತಿರುಗಿದಳು.

ನನ್ನ ತಕರಾರೇ ಬೇರೆ. ಅದು 'ಲೆಟ್ ಗೋ' ಆಲ್ಬಮ್ಮಿನ 'ಸ್ಕೇಟರ್ ಬಾಯ್' ಹಾಡಿನ ಬಗ್ಗೆ. ಬ್ಯಾಲೆ ಕಲಿಯುವ ಹುಡುಗಿ, ಸ್ಕೇಟ್‌ಬೋರ್ಡ್ ಹುಡುಗ. ಸ್ನೇಹಿತೆಯರು ಮೂಗು ಮುರಿದರೆಂದು ಅವಳು ಅವನನ್ನು ಬೇಡ ಅನ್ನುತ್ತಾಳೆ. ಐದು ವರ್ಷದ ಮೇಲೆ ಅವಳು ಮನೆಯಲ್ಲಿ ಒಬ್ಬಳೇ ಮಗುವಿಗೆ ಉಣಿಸುತ್ತಾ ಟಿವಿ ಹಾಕಿದರೆ, ಅದರಲ್ಲಿ ಅವನು ಸ್ಟಾರ್. ಹದಿನೇಳರಲ್ಲಿ ನಾನು ಇದಕ್ಕೆ ಕುಣಿದಿದ್ದೆ. ಈಗ ನನಗೂ ಮೂರು ವರ್ಷದ ಮಗನಿದ್ದಾನೆ. ಮೊನ್ನೆ ಅವನಿಗೆ ಮೊಸರನ್ನ ತಿನ್ನಿಸುವಾಗ ಫೋನಿನಲ್ಲಿ ಇದೇ ಹಾಡು ಬಂತು. ಚಮಚ ಕೈಯಲ್ಲೇ ನಿಂತಿತು. ಅಲ್ಲಮ್ಮಾ ಆವ್ರಿಲ್, ಬಂಡಾಯ ಅಂತ ನೀನೇ ಅಂದೆ. ಕೊನೆಗೆ ಗೆದ್ದವನು ಯಾರು? ಟಿವಿಯಲ್ಲಿ ಬಂದವನು. ಸೋತವಳು ಯಾರು? ಮಗು ಸಾಕುವವಳು. ಇದನ್ನು ನಮ್ಮ ಬೀದಿಯ ಯಾವ ಆಂಟಿಯಾದರೂ ಹೇಳುತ್ತಿದ್ದರು, "ನೋಡು, ಆ ಹುಡುಗ ಈಗ ಎಷ್ಟು ಮೇಲೆ ಬಂದಿದ್ದಾನೆ" ಅಂತ. ಅದಕ್ಕೆ ಗಿಟಾರ್ ಯಾಕೆ ಬೇಕಿತ್ತು?

ಟ್ಯೂನ್ ಮಾತ್ರ ಈಗಲೂ ಕಾಲು ಕುಣಿಸುತ್ತದೆ. ಅದೇ ಸಂಕಟ.

ಆಲ್ಬಮ್ಮಿನ ಒಳ್ಳೆಯ ಹಾಡು ನನ್ನ ಪ್ರಕಾರ 'ಐ ಆಮ್ ವಿತ್ ಯು'. ಅಲ್ಲಿ ಸಿಡುಕು ಇಲ್ಲ, ಗತ್ತು ಇಲ್ಲ. ಚಳಿಯಲ್ಲಿ, ಸೇತುವೆಯ ಮೇಲೆ, ಯಾರಾದರೂ ಬಂದು ಮನೆಗೆ ಕರೆದುಕೊಂಡು ಹೋಗಲಿ ಅಂತ ಕಾಯುವ ಹುಡುಗಿ. ಟೈ ಕಟ್ಟಿದವಳಿಗೆ ಇದನ್ನು ಹಾಡಲು ಸ್ವಲ್ಪ ಧೈರ್ಯವೇ ಬೇಕಿತ್ತು ಅನ್ನಿಸುತ್ತದೆ. ಮೊದಲ ಹಾಡು 'ಲೂಸಿಂಗ್ ಗ್ರಿಪ್' ಕೂಡ ಗಟ್ಟಿ. ಅಲ್ಲಿನ ಕಿರುಚಾಟ ಬಾಡಿಗೆಯದಲ್ಲ. ಆಮೇಲೆ ಬರುವುದರಲ್ಲಿ 'ಮೈ ವರ್ಲ್ಡ್' ಬರೀ ಜಂಬ. ಒಟ್ಟು ಹದಿಮೂರು ಹಾಡುಗಳಲ್ಲಿ ಒಂದು ನಾಲ್ಕೈದನ್ನು ಬಿಟ್ಟಿದ್ದರೆ ಯಾರೂ ಅಳುತ್ತಿರಲಿಲ್ಲ.

ಕ್ಯಾಸೆಟ್ ಇನ್ನೂ ಅಟ್ಟದ ಡಬ್ಬದಲ್ಲಿದೆ. ನಿನ್ನೆ ಇಳಿಸಿ ನೋಡಿದೆ. ಎ ಸೈಡಿನ ಅಕ್ಷರ ಅಳಿಸಿಹೋಗಿದೆ, ಬಿ ಸೈಡು ಹೊಸದರ ಹಾಗಿದೆ. ಹುಡುಗಿಗೆ ಕೇಳಿಸೋಣ ಅಂದುಕೊಂಡೆ. ಯಾರ ಹತ್ತಿರವಾದರೂ ಟೇಪ್ ರೆಕಾರ್ಡರ್ ಇದ್ದರೆ ಹೇಳಿ.