ಅಜ್ಜಾ, ಯಾವ ನಾಟಕ? ಹೆಸರು ಹೇಳ್ರಿ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಕುಕ್ಕರ್ ಇಟ್ಟು ಅಡುಗೆಮನೆ ಕಟ್ಟೆ ಪಕ್ಕದಲ್ಲೇ ನಿಂತು ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬೇಜಾರಾದವರು ಒಂದು ಲೈಕ್ ಒತ್ತಿ ಮುಂದೆ ಹೋಗಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರೋದು ಬೇರೆ ಕಡೆ.

ನಿನ್ನೆ ಭಾನುವಾರ ಅಲ್ವಾ, ಮಗಳ ನಾಲ್ಕು ಜನ ಗೆಳತಿಯರು ಬಂದಿದ್ದರು. ಎಲ್ಲರೂ ಫಸ್ಟ್ ಪಿಯುಸಿ. ಮಹಡಿ ಕೋಣೆಯಲ್ಲಿ ಒಂದೇ ಫೋನಿನ ಸುತ್ತ ಕೂತು ಹಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಾಡು ನಿಂತಿತು. ನಾನು ಗಿರ್ಮಿಟ್ ಮಾಡಿಕೊಂಡು ತಟ್ಟೆ ಹಿಡಿದು ಬಾಗಿಲು ತೆಗೆದರೆ, ಐದರಲ್ಲಿ ಮೂರು ಜನ ಅಳುತ್ತಿದ್ದಾರೆ. ನನ್ನ ಎದೆ ಧಸಕ್ ಅಂತು.

"ಏನಾತು?"

"ಜಾನಿ ಸತ್ತ, ಅವ್ವಾ."

"ಯಾವ ಜಾನಿ? ಯಾರ ಮನಿ ಹುಡುಗ?"

ಅಳುತ್ತಿದ್ದವರೂ ಬಿದ್ದು ಬಿದ್ದು ನಕ್ಕರು. ಜಾನಿ ನಾಟಕದ ಹುಡುಗನಂತೆ. 'ದಿ ಔಟ್‌ಸೈಡರ್ಸ್' ಅಂತ ಒಂದು ಮ್ಯೂಸಿಕಲ್, ಅಂದರೆ ಹಾಡು ಕುಣಿತದ ನಾಟಕ. ನ್ಯೂಯಾರ್ಕಿನ ದೊಡ್ಡ ದೊಡ್ಡ ಥೇಟರುಗಳಿರೋ ಬ್ರಾಡ್‌ವೇಯಲ್ಲಿ 2024ರ ಏಪ್ರಿಲ್‌ನಲ್ಲಿ ಶುರುವಾಗಿ, ಅದೇ ವರ್ಷ ಒಳ್ಳೆಯ ಮ್ಯೂಸಿಕಲ್ ಅಂತ ಟೋನಿ ಪ್ರಶಸ್ತಿ ಹೊಡೆದದ್ದು. ಒಟ್ಟು ನಾಲ್ಕು ಟೋನಿ. ಟಲ್ಸಾ ಅನ್ನೋ ಊರಿನಲ್ಲಿ ಬಡವರ ಹುಡುಗರದ್ದೊಂದು ಗುಂಪು, ಶ್ರೀಮಂತರ ಹುಡುಗರದ್ದೊಂದು ಗುಂಪು. ನಡುವೆ ಹದಿನಾಲ್ಕರ ಪೋನಿಬಾಯ್, ಈ ಜಾನಿಯ ಗೆಳೆಯ. ಅಪ್ಪ ಅವ್ವ ಸತ್ತುಹೋಗಿದ್ದಾರೆ, ಅಣ್ಣಂದಿರಿಬ್ಬರು ಸಾಕುತ್ತಿದ್ದಾರೆ. ಕೊನೆಗೆ ಎರಡೂ ಗುಂಪಿನ ಹೊಡೆದಾಟ, ಅದೂ ಸ್ಟೇಜಿನ ಮೇಲೆ ನಿಜವಾದ ನೀರಿನ ಮಳೆ ಸುರಿಸಿ. ಹಾಡು, ಕುಣಿತ, ಜಗಳ, ಗೋಳು. ನಮ್ಮ ಕಂಪನಿ ನಾಟಕದ ಹಾಗೇ. ಕಾಮಿಡಿ ಪಾರ್ಟಿ ಒಂದು ಕಮ್ಮಿ.

ಈ ಐದು ಜನರಲ್ಲಿ ಒಬ್ಬರೂ ಅದನ್ನು ನೋಡಿಲ್ಲ. ಎಲ್ಲಿಂದ ನೋಡಬೇಕು? ಹಾಡಿನ ಆಲ್ಬಮ್ ಕೇಳಿದ್ದಾರೆ, ಚೂರುಪಾರು ವಿಡಿಯೋ ನೋಡಿದ್ದಾರೆ, ಅಷ್ಟೇ. ಆದರೆ ಮಾತಾಡಲು ಬಿಟ್ಟರೆ ಪ್ರತಿದಿನ ಮುಂದಿನ ಸಾಲಿನಲ್ಲಿ ಕೂತು ನೋಡಿದವರ ಹಾಗೆ ಮಾತಾಡುತ್ತಾರೆ. ಯಾವ ಪಾತ್ರಕ್ಕೆ ಬದಲಿ ನಟ ಯಾರು, ಯಾರು ತಂಡ ಬಿಟ್ಟರು, ಯಾವ ಹಾಡಿನಲ್ಲಿ ಯಾರು ಎಲ್ಲಿ ಉಸಿರು ತಗೊಳ್ಳುತ್ತಾರೆ, ಎಲ್ಲ ಬಾಯಿಪಾಠ. ನನ್ನ ಮಗಳ ಫಿಸಿಕ್ಸ್ ಜರ್ನಲ್ಲಿನ ಕೊನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ಬರೆದ ಒಂದು ಜೀನ್ಸ್ ಜಾಕೀಟು ಇದೆ. ಕಾಲರ್ ಮೇಲಕ್ಕೆ ಎತ್ತಿದೆ, ಒಂದು ಗುಂಡಿ ಕಿತ್ತುಹೋಗಿದೆ, ಹೊಲಿಗೆ ದಾರ ಜೋತಾಡುತ್ತಿರೋದನ್ನೂ ಬಿಡಿಸಿದ್ದಾಳೆ. ಮುಂಚಿನ ಪುಟದ ವರ್ನಿಯರ್ ಕ್ಯಾಲಿಪರ್ಸ್ ಚಿತ್ರ ನೋಡಿದರೆ ಅಳು ಬರುತ್ತದೆ. ಅದಿರಲಿ.

ಆ ಹೊತ್ತಿಗೆ ನಮ್ಮ ಕಾಕಾ ಬಂದರು. ಯಜಮಾನರ ಕಾಕಾ. ನನ್ನ ಗೋಡೆ ಮೇಲೆ ದಿನಾ ಮುಂಜಾನೆ ಹೂವಿನ ಚಿತ್ರ ಹಾಕುತ್ತಾರಲ್ಲ, ಅವರೇ. ಜೊತೆಗೆ ಕಾಕು. ಮೇಲಿಂದ ಮತ್ತೆ ಹಾಡು ಕೇಳಿಸಿತು. ಹುಡುಗಿಯರನ್ನೆಲ್ಲ ಕೆಳಗೆ ಕರೆಸಿದರು. ವಿಷಯ ಕೇಳಿದರು.

"ಪೋನಿ ಅಂದ್ರ ಕುದುರಿ ಅಲ್ಲೇನವಾ? ಕುದುರಿ ಸಲುವಾಗಿ ಅಳಾಕತ್ತೀರಿ?"

ಇರಲಿ, ಇದಕ್ಕೆ ನಾನೂ ನಕ್ಕೆ. ಆಮೇಲೆ ಶುರುವಾಯಿತು ನೋಡಿ ಭಾಷಣ. "ಯವ್ವಾ, ಆ ಇಂಗ್ಲಿಷ್ ಗದ್ದಲ ಬಿಡ್ರಿ. ನಮ್ಮ ಕನ್ನಡ ನಾಟಕ ನೋಡ್ರಿ. ನಮ್ಮ ಮಣ್ಣಿನ ವಾಸನಿ ಇರತೈತಿ ಅದರಾಗ."

ನನ್ನ ಮಗಳು ಜಗಳಗಂಟಿಯಲ್ಲ. ನಿಜವಾಗಿಯೂ ತಿಳಿದುಕೊಳ್ಳೋಣ ಅಂತಲೇ ಕೇಳಿದಳು. "ಅಜ್ಜಾ, ಯಾವ ನಾಟಕ? ಹೆಸರು ಹೇಳ್ರಿ. ನಮ್ಮ ವಯಸ್ಸಿನವ್ರ ಕಥಿ ಇರೋದು."

"ಬಾಳ ಅದಾವ."

"ಒಂದ ಹೇಳ್ರಿ."

ಕಾಕಾ ಮೇಲೆ ಫ್ಯಾನ್ ನೋಡಿದರು. "ಪ್ರಹ್ಲಾದಂದು ಐತಿ."

"ಅಂವ ಸಣ್ಣ ಹುಡುಗ, ಅಜ್ಜಾ."

"ಹಂಗಾರ ಸಂಗ್ಯಾ ಬಾಳ್ಯಾ ನೋಡ್ರಿ! ಏನ್ ಹಾಡು, ಏನ್ ಮಾತು!"

ಕಾಕು ಚಹಾ ಕುಡಿಯುತ್ತಿದ್ದವರು ಕೆಮ್ಮಿದರು. "ರೀ!" ಅಂದರು, ಅಷ್ಟೇ. ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ: ಅದು ಇನ್ನೊಬ್ಬನ ಹೆಂಡತಿಯ ಮೇಲೆ ಮನಸ್ಸಿಟ್ಟವನ ಕಥೆ, ಗೆಳೆಯನ ದ್ರೋಹದ ಕಥೆ, ಕೊಲೆಯಲ್ಲಿ ಮುಗಿಯುತ್ತದೆ. ಈ ಕಡೆಯ ಜಾನಪದ ನಾಟಕ, ಅದ್ಭುತ ಸಣ್ಣಾಟ, ಎರಡು ಮಾತಿಲ್ಲ. ಆದರೆ ಹದಿನಾರರ ಹುಡುಗಿಯರಿಗೆ "ನಿಮ್ಮ ವಯಸ್ಸಿನ ಕಥೆ" ಅಂತ ಹೇಳೋದಕ್ಕೆ ಸಿಕ್ಕಿದ್ದು ಅದು!

ಆಮೇಲೆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ಯಜಮಾನರೂ ಯೋಚನೆ ಮಾಡಿದರು, ನಾನೂ ಮಾಡಿದೆ. ಹತ್ತು ವರ್ಷ ಹವ್ಯಾಸಿ ತಂಡದ ಜೊತೆ ಓಡಾಡಿದವಳು ನಾನು, ನಿಮಗೆಲ್ಲ ಗೊತ್ತಿದೆ. ಸೃಜನಾ ರಂಗಮಂದಿರದ ಯಾವ ಕುರ್ಚಿ ಕಿರ್ರ್ ಅನ್ನುತ್ತದೆ ಅನ್ನೋದೂ ಗೊತ್ತು. ನನ್ನ ಬಾಯಿಗೂ ಒಂದು ಹೆಸರು ಬರಲಿಲ್ಲ.

ನನ್ನ ಸಿಟ್ಟು ಇದೇ. ಕಾಕಾನ ಮೇಲಿನ ಸಿಟ್ಟು ಗಿರ್ಮಿಟ್ ತಿಂದು ಮುಗಿಯೋದರೊಳಗೆ ಇಳಿಯಿತು. ಇದು ಇಳಿಯುತ್ತಿಲ್ಲ.

ಸಣ್ಣ ಮಕ್ಕಳಿಗೆ ನಮ್ಮಲ್ಲಿ ನಾಟಕ ಇದೆ. ಏಪ್ರಿಲ್ ಬಂತೆಂದರೆ ಬೇಸಿಗೆ ಶಿಬಿರ, ಕರಡಿ ಮುಖವಾಡ, ಕಾಗದದ ಮರ, ಕೊನೆಯ ದಿನ ಅಪ್ಪಂದಿರೆಲ್ಲ ಮೊಬೈಲ್ ಎತ್ತಿ ಹಿಡಿದು ವಿಡಿಯೋ. ದೊಡ್ಡವರಿಗೂ ಇದೆ. ರಾಜನ ಸಂಕಟ, ಗಂಡ ಹೆಂಡಿರ ಸಂಕಟ, ಮುದುಕನ ಸಂಕಟ. ಹದಿಮೂರಕ್ಕೆ ಕರಡಿ ಮುಖವಾಡ ಕಳಚಿಟ್ಟ ಹುಡುಗಿ ಹತ್ತೊಂಬತ್ತರವರೆಗೆ ಏನು ನೋಡಬೇಕು? ಆ ಆರು ವರ್ಷ ಅವಳಿಗೆ ಸಂಕಟವೇ ಇರೋದಿಲ್ಲ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೇವಾ? ಆ ಆರು ವರ್ಷದಷ್ಟು ಸಂಕಟ ಆಮೇಲೆ ಯಾವತ್ತಾದರೂ ಪಟ್ಟಿದ್ದೀರಾ ನೀವು? ನಾನಂತೂ ಪಟ್ಟಿಲ್ಲ, ಮನೆ ಸಾಲವನ್ನೂ ಸೇರಿಸಿ ಹೇಳುತ್ತಿದ್ದೇನೆ.

ಈಗ ಕೆಲವರು ಬರುತ್ತೀರಿ ಅಂತ ಗೊತ್ತು. "ಮೇಡಂ, ಕಾಲೇಜು ನಾಟಕ ಸ್ಪರ್ಧೆ ಇಲ್ವಾ? ಪ್ರತಿಭಾ ಕಾರಂಜಿ ಇಲ್ವಾ? ಗ್ಯಾದರಿಂಗ್ ಇಲ್ವಾ?" ಇವೆ ಸ್ವಾಮಿ. ಎರಡು ಸಲ ತೀರ್ಪುಗಾರಳಾಗಿ ಹೋಗಿ ಕೂತಿದ್ದೇನೆ. ನೋಡಿದ್ದೇನು? ಹದಿನೇಳರ ಹುಡುಗರು ಕೂದಲಿಗೆ ಪೌಡರ್ ಹಚ್ಚಿಕೊಂಡು ಮುದುಕರಾಗಿದ್ದರು. ಬೆನ್ನು ಬಾಗಿಸಿ, ಕೋಲು ಹಿಡಿದು, "ನಮ್ಮ ಕಾಲದಾಗ..." ಅಂತ ನಡುಗುವ ಧ್ವನಿ. ಹುಡುಗಿಯೊಬ್ಬಳು ಸೆರಗು ಹೊದ್ದು ಮಗನನ್ನು ಕಳಕೊಂಡ ತಾಯಿಯಾಗಿ ಗೋಳೋ ಅಂತ ಅತ್ತಳು. ಮೊದಲ ಬಹುಮಾನ ಅವಳಿಗೇ ಕೊಟ್ಟೆವು, ಚೆನ್ನಾಗಿಯೇ ಅತ್ತಳು. ಪರದೆ ಬಿದ್ದ ಮೇಲೆ ಅದೇ ಹುಡುಗಿ ಹಿಂದೆ ನಿಂತು ಯಾರದೋ ಮೆಸೇಜ್ ಬರಲಿಲ್ಲ ಅಂತ ನಿಜವಾಗಿ ಅಳುತ್ತಿದ್ದಳು. ಆ ಅಳುವಿಗೆ ನಮ್ಮಲ್ಲಿ ನಾಟಕ ಇಲ್ಲ. ಮುದುಕರ ಅಳುವಿಗೆ ನೂರಿವೆ.

ಇನ್ನು ಕಂಪನಿ ನಾಟಕ. ನನ್ನ ತವರು ಗದಗ, ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನೇ ಮೊದಲು ಜಗಳಕ್ಕೆ ನಿಲ್ಲುತ್ತೇನೆ. ಪಂಚಾಕ್ಷರಿ ಗವಾಯಿಗಳು ಆಶ್ರಮದ ಅಂಧ ಮಕ್ಕಳ ಹೊಟ್ಟೆಗೆ ಹಾಕಲು ನಾಟಕ ಕಂಪನಿ ಕಟ್ಟಿದ ಊರು ಅದು. ಆದರೆ ಈಗ ಜಾತ್ರೆಯಲ್ಲಿ ಕ್ಯಾಂಪ್ ಹಾಕುವ ಎಷ್ಟೋ ಕಂಪನಿಗಳ ಪೋಸ್ಟರ್ ಓದಿದರೇ ಸಾಕು, ಮಗಳ ಕಣ್ಣಿಗೆ ಕೈ ಅಡ್ಡ ಇಡಬೇಕು. ಡಬಲ್ ಮೀನಿಂಗ್ ಇಲ್ಲದಿದ್ದರೆ ಗಲ್ಲಾ ತುಂಬೋದಿಲ್ಲ ಅನ್ನುತ್ತಾರೆ. ಅವರ ಕಷ್ಟ ಅವರಿಗೆ. ನಾನೇನು ಅವರ ತಗಡಿನ ಥೇಟರಿನ ಬಾಡಿಗೆ ಕಟ್ಟುತ್ತೇನಾ?

"ನೋಡದೇ ಇರೋ ನಾಟಕಕ್ಕೆ ಹುಚ್ಚಾಗೋದು ಏನು ಹುಚ್ಚು?" ಇದು ಕಾಕಾನ ಎರಡನೇ ಬಾಣ. ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ನಮ್ಮ ಆಯಿ. ಮದುವೆಯಾಗಿ ಬಂದ ಹೊಸತು, ಮನೆ ಹತ್ತಿರವೇ ಕಂಪನಿ ಕ್ಯಾಂಪ್ ಬಿದ್ದಿತ್ತಂತೆ. ಮನೆಯ ಸೊಸೆಯನ್ನು ನಾಟಕಕ್ಕೆ ಯಾರು ಕಳಿಸುತ್ತಾರೆ? ರಾತ್ರಿ ಎಲ್ಲರ ಊಟ ಮುಗಿಸಿ, ಮುಸುರೆ ತೊಳೆದು, ಮಾಳಿಗೆ ಮೇಲೆ ಹಾಸಿಗೆ ಹಾಕುವ ನೆಪದಲ್ಲಿ ಹತ್ತಿ ಹೋಗುತ್ತಿದ್ದಳು. ಅಲ್ಲಿ ಕಾಲು ಹಾರ್ಮೋನಿಯಂ ಕೇಳಿಸುತ್ತಿತ್ತು. ಜನ ಒನ್ಸ್ ಮೋರ್ ಅಂತ ಕೂಗಿದರೆ ಆಯಿಗೆ ಖುಷಿ, ಅದೇ ಹಾಡು ಇನ್ನೊಂದು ಸಲ ಸಿಕ್ಕಿತಲ್ಲ ಅಂತ. ಎಂಬತ್ತರ ವಯಸ್ಸಿನಲ್ಲಿ ರೊಟ್ಟಿ ಬಡಿಯುತ್ತಾ ಆ ಹಾಡು ಹೇಳುತ್ತಿದ್ದಳು, ಬಡಿತವೇ ತಾಳ. ಒಂದು ದಿನವೂ ಆ ನಾಟಕ ನೋಡಿದವಳಲ್ಲ. ಹೀರೋ ಮುಖ ಹೇಗಿತ್ತು ಆಯಿ ಅಂತ ಕೇಳಿದರೆ, "ಚಲೋನ ಇರಬೇಕು ಬಿಡು" ಅನ್ನುತ್ತಿದ್ದಳು.

ಅವಳದ್ದು ಸಂಸ್ಕೃತಿ, ನನ್ನ ಮಗಳದ್ದು ಹುಚ್ಚು. ಹೌದಾ?

ಈ ಹುಚ್ಚು ಬರೀ ಗಾಳಿಗೆ ಹೋಗುತ್ತದೆ ಅನ್ನೋದೂ ಸುಳ್ಳು. 'ಬಿ ಮೋರ್ ಚಿಲ್' ಅಂತ ಒಂದು ಮ್ಯೂಸಿಕಲ್, ಅದೂ ಹೈಸ್ಕೂಲ್ ಹುಡುಗನದ್ದೇ ಕಥೆ. 2015ರಲ್ಲಿ ನ್ಯೂಜೆರ್ಸಿಯ ಒಂದು ಸಣ್ಣ ಊರಿನಲ್ಲಿ ಕೆಲವು ವಾರ ನಡೆದು ಮುಗಿದೇ ಹೋಗಿತ್ತು. ಉಳಿದದ್ದು ಹಾಡಿನ ಆಲ್ಬಮ್ ಒಂದೇ. ಅದು ಇಂಟರ್ನೆಟ್ಟಿನಲ್ಲಿ ಮಕ್ಕಳ ಕೈಗೆ ಸಿಕ್ಕಿತು. ಚಿತ್ರ ಬರೆದರು, ಹಾಡಿದರು, ಒಬ್ಬರಿಗೊಬ್ಬರು ದಾಟಿಸಿದರು. 2018ರಲ್ಲಿ ನ್ಯೂಯಾರ್ಕಿಗೆ ಬಂತು, 2019ರಲ್ಲಿ ಬ್ರಾಡ್‌ವೇಗೇ ಏರಿತು. ಹೌದು, ಅಲ್ಲಿ ಐದು ತಿಂಗಳಿಗೆ ಮುಚ್ಚಿತು, ಕಾಕಾ ಇದನ್ನೇ ಹಿಡಿದುಕೊಳ್ಳುತ್ತಾರೆ. ಮುಚ್ಚಲಿ. ಸತ್ತ ನಾಟಕವನ್ನು ಜರ್ನಲ್ಲಿನ ಕೊನೆಯ ಪುಟಗಳು ಎಬ್ಬಿಸಿ ಕೂರಿಸಿದವು. ನಮ್ಮ ಸಂಘ ಸಂಸ್ಥೆಗಳ ಎಷ್ಟು ವಿಚಾರ ಸಂಕಿರಣ ಆ ಕೆಲಸ ಮಾಡಿವೆ?

ಪರಭಾಷೆ ನಾಟಕಕ್ಕೆ ಮರುಳಾಗೋದು ಈ ನೆಲಕ್ಕೆ ಹೊಸದೂ ಅಲ್ಲ. ನೂರೈವತ್ತು ವರ್ಷದ ಹಿಂದೆ ನಮ್ಮ ಕಡೆಯ ಜನ ಮರಾಠಿ ನಾಟಕಕ್ಕೆ ಹೀಗೇ ಮುಗಿಬೀಳುತ್ತಿದ್ದರು. ಆಗ ಸಕ್ಕರಿ ಬಾಳಾಚಾರ್ಯರು, ಅಂದರೆ ನಮ್ಮ ಶಾಂತಕವಿಗಳು, ಜನರಿಗೆ ಬೈಯುತ್ತಾ ಕೂರಲಿಲ್ಲ. ಕನ್ನಡದಲ್ಲಿ ನಾಟಕ ಬರೆದು ಗದಗಿನಲ್ಲಿ ಮಂಡಳಿ ಕಟ್ಟಿದರು. ಅವರು ಹುಟ್ಟಿದ್ದು 1856ರಲ್ಲಿ, ಮಂಡಳಿ ಕಟ್ಟಿದ್ದು 1870ರ ದಶಕದಲ್ಲಿ. ಲೆಕ್ಕ ಹಾಕಿ. ಅವರಿಗೆ ಆಗ ಇಪ್ಪತ್ತರ ಆಸುಪಾಸು. ಈಗಿನ ಲೆಕ್ಕದಲ್ಲಿ ಧಾರವಾಡದ ಸಪ್ತಾಪುರದ ಯಾವುದೋ ರೂಮಿನಲ್ಲಿ ನಾಲ್ಕು ಜನರ ಜೊತೆ ಇದ್ದು ಪಿಎಸ್‌ಐ ಪರೀಕ್ಷೆಗೆ ಓದುವ ವಯಸ್ಸು. ಇನ್ನು ಔಟ್‌ಸೈಡರ್ಸ್ ಮೂಲ ಕಾದಂಬರಿ ಬರೆದ ಎಸ್. ಇ. ಹಿಂಟನ್? ಬರೆಯಲು ಕೂತಾಗ ಹದಿನೈದು, 1967ರಲ್ಲಿ ಪುಸ್ತಕ ಅಚ್ಚಾದಾಗ ಹದಿನೆಂಟು. ತನ್ನ ವಯಸ್ಸಿನವರ ನಿಜವಾದ ಕಥೆ ಓದಲು ಸಿಗುತ್ತಿಲ್ಲ ಅಂತ ತಾನೇ ಬರೆದಳು. ಹುಡುಗಿ ಅಂತ ಗೊತ್ತಾದರೆ ಗಂಡಸರು ಮೂಗು ಮುರಿಯುತ್ತಾರೆ ಅಂತ ಪ್ರಕಾಶಕರು ಬರೀ ಇನಿಷಿಯಲ್ ಹಾಕಿಸಿದರು.

ಇಲ್ಲಿಯವರೆಗೆ ಚೆನ್ನಾಗಿ ಬೈದೆ ಅಲ್ವಾ? ಈಗ ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮಗಳೇ ಕಾಮೆಂಟಿನಲ್ಲಿ ಬಂದು ಹೇಳುತ್ತಾಳೆ. ಐದು ವರ್ಷ ಬಿಡದೆ ಶಿಬಿರಕ್ಕೆ ಹೋಗುತ್ತಿದ್ದವಳು ಅವಳು. ಎಂಟನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅದನ್ನು ಬಿಡಿಸಿದವಳು ನಾನು. "ಇನ್ನ ಸಾಕು, ಮುಂದ ಎಸ್ಸೆಸ್ಸೆಲ್ಸಿ ಐತಿ" ಅಂದೆ. ಎಸ್ಸೆಸ್ಸೆಲ್ಸಿಗೆ ಇನ್ನೂ ಎರಡು ವರ್ಷ ಇತ್ತು. ಅವಳು ಅಳಲಿಲ್ಲ, ವಾದ ಮಾಡಲಿಲ್ಲ. ಶಿಬಿರದ ಹಳೇ ಟೀ ಶರ್ಟ್ ಹಾಕಿಕೊಂಡು ಗಣಿತದ ಟ್ಯೂಷನ್ನಿಗೆ ಹೋದಳು. ಅದನ್ನು ನಾನು ಗೇಟಿನಲ್ಲಿ ನಿಂತು ನೋಡಿದ್ದೆ. ರಂಗಭೂಮಿ ಅಂದರೆ ನನಗೆ ಪ್ರಾಣ ಅಂತ ಇದೇ ಗೋಡೆ ಮೇಲೆ ಆ ವಾರವೂ ಬರೆದಿರಬೇಕು, ಹುಡುಕಿ ನೋಡುವ ಧೈರ್ಯ ಇಲ್ಲ.

ಹಾಗಾಗಿ ಅವಳು ಎಲ್ಲೋ ದೂರದ ಸ್ಟೇಜಿನ ಮಳೆಯಲ್ಲಿ ನೆನೆಯುತ್ತಿದ್ದರೆ, ಆ ಬಾಗಿಲಿಗೆ ಅವಳನ್ನು ತಳ್ಳಿದವರಲ್ಲಿ ನಾನೂ ಒಬ್ಬಳು. ನೀವೂ ಇದ್ದೀರಿ. ನಿಮ್ಮ ನಿಮ್ಮ ಮನೆಯ ಟ್ಯೂಷನ್ ಫೀಸಿನ ಚೀಟಿ ತೆಗೆದು ನೋಡಿಕೊಳ್ಳಿ.

ನಾಟಕ ಬರೆಯುವ ಗೆಳೆಯರು ಇಲ್ಲಿ ಸುಮಾರು ಜನ ಇದ್ದೀರಿ. ನಿಮ್ಮ ಮೇಲೆ ಗೌರವ ಇದೆ, ನಿಮ್ಮ ನಾಟಕಕ್ಕೆ ಟಿಕೆಟ್ ತಗೊಂಡೇ ಬಂದಿದ್ದೇನೆ, ಪಾಸ್ ಕೇಳಿಲ್ಲ. ಒಂದು ಸಲ ನೀಟ್ ಕೋಚಿಂಗಿನ ಹಾಸ್ಟೆಲ್ ಬಗ್ಗೆ ಬರೆಯಿರಿ. ಧಾರವಾಡದಿಂದ ಹುಬ್ಬಳ್ಳಿ ಕಾಲೇಜಿಗೆ ಚಿಗರಿ ಬಸ್ಸಿನಲ್ಲಿ ದಿನಾ ಹೋಗುವ ಹುಡುಗಿ, ಅದೇ ಬಸ್ಸಿನಲ್ಲಿ ನವನಗರದಲ್ಲಿ ಹತ್ತುವ ಹುಡುಗ, ಅವರ ಬಗ್ಗೆ ಬರೆಯಿರಿ. ಹಾಡು ಇರಲಿ. ಹಾಡಿಗೆ ನಮ್ಮಲ್ಲೇನು ಬರವೇ? ದಯವಿಟ್ಟು ಕೊನೆಯಲ್ಲಿ ಒಬ್ಬ ಮಾಸ್ತರು ಬಂದು ಬುದ್ಧಿ ಹೇಳೋದು ಬೇಡ.

ಕಾಮೆಂಟಿನಲ್ಲಿ ಮೊಬೈಲ್ ಹಾವಳಿ, ಸಂಸ್ಕಾರ, ಇಂಗ್ಲಿಷ್ ಮೀಡಿಯಂ, ಇವು ಮೂರೂ ಬೇಡ. ಒಂದೇ ಒಂದು ಹೆಸರು ಹೇಳಿ. ಹದಿನಾರರ ಹುಡುಗಿ ನೋಡಿ "ಇದು ನಂದ" ಅನ್ನಬಹುದಾದ ಕನ್ನಡ ನಾಟಕ, ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ಎಲ್ಲಿ ನಡೆದರೂ ಸರಿ. ಐದು ಟಿಕೆಟ್ ನನ್ನದು, ಗಾಡಿ ಬಾಡಿಗೆಯೂ ನನ್ನದು.

ಕುಕ್ಕರ್ ನಾಲ್ಕನೇ ಸೀಟಿ ಹೊಡೆಯಿತು, ಅನ್ನ ಮುದ್ದೆಯಾಗಿರುತ್ತದೆ.

ಕಾಕಾ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ನಿಮ್ಮ ಛತ್ರಿ ನಮ್ಮ ಮನೆಯಲ್ಲೇ ಉಳಿದಿದೆ. ಬುಧವಾರ ಬನ್ನಿ, ಹುಡುಗಿಯರು ಇರೋದಿಲ್ಲ, ಅವತ್ತು ಟ್ಯೂಷನ್.