ಸೀಟು ಸ್ವಲ್ಪ ಇಳಿಸಿ ಸ್ವಾಮಿ

ನಾನು ಸೈಕಲ್ ಕಲಿತದ್ದು ಒಳಪೆಡಲಿನಲ್ಲಿ. ಬಾಡಿಗೆ ಅಂಗಡಿಯಲ್ಲಿ ಗಂಟೆಗೆ ಎಂಟಾಣೆಗೆ ಸಿಗುತ್ತಿದ್ದುದು ಒಂದೇ ಅಳತೆಯ ಕರಿ ಸೈಕಲ್. ಅಡ್ಡದಂಡದ ಕೆಳಗೆ ಬಲಗಾಲು ತೂರಿಸಿ, ಸೀಟನ್ನು ಕಂಕುಳಲ್ಲಿ ಅವುಚಿಕೊಂಡು, ಮೈಯನ್ನು ಜಿಲೇಬಿಯಂತೆ ತಿರುಚಿಕೊಂಡು ಊರೆಲ್ಲ ಸುತ್ತುತ್ತಿದ್ದೆವು. ಸೈಕಲ್ ನಮಗೆ ಹೊಂದುತ್ತದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ನಾವು ಸೈಕಲ್‌ಗೆ ಹೊಂದಿಕೊಳ್ಳಬೇಕಿತ್ತು. ಹೊಂದಿಕೊಳ್ಳದವರ ಮೊಣಕಾಲ ಚರ್ಮ ರಸ್ತೆಯ ಪಾಲಾಗುತ್ತಿತ್ತು.

ಈ ಅನುಭವದ ಬಲದ ಮೇಲೆಯೇ ನಲವತ್ತೇಳನೆಯ ವಯಸ್ಸಿನಲ್ಲಿ ರೋಡ್ ಬೈಕ್ ಎಂಬ ರಸ್ತೆ ಓಟದ ಸೈಕಲ್ ಕೊಳ್ಳಲು ಹೊರಟೆ. ರಕ್ತದ ಸಕ್ಕರೆ ಗಡಿರೇಖೆಯ ಮೇಲೆ ನಿಂತು ಆಚೆ ಇಣುಕುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಅಂಗಡಿಯ ಹುಡುಗ, ‘56 ಒಂದೇ ಉಳಿದಿದೆ ಸರ್, ಅದಕ್ಕೇ ರಿಯಾಯಿತಿ’ ಎಂದ. 56 ಎಂದರೇನು ಎಂದು ಕೇಳಲು ಸಂಕೋಚ. ಅಂಗಿ 40, ಚಪ್ಪಲಿ 8, ಸೈಕಲ್ 56 ಇರಬಹುದು ಎಂದುಕೊಂಡೆ. ಅದು ಚೌಕಟ್ಟಿನ ಸೆಂಟಿಮೀಟರ್ ಅಳತೆಯೆಂದೂ, ಐದಡಿ ಐದಂಗುಲದ ನನ್ನಂಥವನಿಗೆ ಸಾಮಾನ್ಯವಾಗಿ 50 ಅಥವಾ 52 ಸಾಕೆಂದೂ ತಿಳಿಯುವ ಹೊತ್ತಿಗೆ ರಿಯಾಯಿತಿಯ ಸಂಭ್ರಮ ಇಳಿದಿತ್ತು. ಶಾಲೆಯ ಸಮವಸ್ತ್ರ ಹೊಲಿಸುವಾಗ ಅಮ್ಮ, ‘ಬೆಳೆಯುವ ಹುಡುಗ, ಸ್ವಲ್ಪ ದೊಡ್ಡದೇ ಇರಲಿ’ ಎನ್ನುತ್ತಿದ್ದಳು. ಈಗ ಬೆಳೆದರೆ ಹೊಟ್ಟೆಯೇ ಬೆಳೆಯಬೇಕು. ಅದು ಬೆಳೆದಷ್ಟೂ ಹ್ಯಾಂಡಲ್ ಮತ್ತಷ್ಟು ದೂರ.

ಮೊದಲ ವಾರ ಸೀಟನ್ನು ತೀರಾ ತಗ್ಗಿಸಿದ್ದೆ. ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಬೇಕು ಎನ್ನುವುದು ನಮ್ಮ ಕಡೆಯ ಸಾಮಾನ್ಯ ಜ್ಞಾನ. ಕುವೆಂಪುನಗರದಿಂದ ಚಾಮುಂಡಿ ಬೆಟ್ಟದ ಬುಡದವರೆಗೆ ಹೋಗಿ ಬಂದರೆ ಮಂಡಿಚಿಪ್ಪಿನ ಮುಂದೆ ಯಾರೋ ಮೊಳೆ ಹೊಡೆದಂತೆ ನೋವು. ದಾರಿಯಲ್ಲಿ ಸಿಕ್ಕ ಸವಾರರೊಬ್ಬರು ನಿಲ್ಲಿಸಿ, ‘ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿದೆ ಎಂದರ್ಥ, ಏರಿಸಿ’ ಎಂದರು. ಏರಿಸಿದೆ. ನಾನು ಏನನ್ನೂ ಅರ್ಧಕ್ಕೆ ನಿಲ್ಲಿಸುವವನಲ್ಲ. ಮರುದಿನ ಹಿಂದೆ ಸ್ಕೂಟರ್‌ನಲ್ಲಿ ಬರುತ್ತಿದ್ದ ಸಹೋದ್ಯೋಗಿ ಕಚೇರಿಯಲ್ಲಿ ಎಲ್ಲರೆದುರು ವರದಿ ಒಪ್ಪಿಸಿದ: ‘ಹಿಂದಿನಿಂದ ನೋಡಿದರೆ ಜಂಬೂಸವಾರಿಯ ಆನೆ ಬನ್ನಿಮಂಟಪಕ್ಕೆ ಹೊರಟಂತಿತ್ತು.’ ಪೆಡಲ್ ಕೆಳಗಿಳಿದಾಗಲೆಲ್ಲ ಕಾಲು ಎಟುಕಿಸಲು ಸೊಂಟ ಅತ್ತಿತ್ತ ಓಲಾಡುತ್ತಿತ್ತಂತೆ. ಸಂಜೆಯ ಹೊತ್ತಿಗೆ ನೋವು ಮಂಡಿಯ ಮುಂಭಾಗವನ್ನು ಬಿಟ್ಟು ಹಿಂಭಾಗಕ್ಕೆ ವರ್ಗಾವಣೆಯಾಗಿತ್ತು.

ಊಹೆ ಸಾಕು, ಇನ್ನು ಗಣಿತವೇ ಗತಿ ಎಂದು ನಿರ್ಧರಿಸಿದೆ. 1986, 1989, 1990ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ಗೆದ್ದ ಅಮೆರಿಕದ ಗ್ರೆಗ್ ಲಿಮಾಂಡ್ ಹೆಸರಿನಲ್ಲಿ ಒಂದು ಸೂತ್ರ ಚಾಲ್ತಿಯಲ್ಲಿದೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಬೇಕು. ಬಂದದ್ದನ್ನು 0.883ರಿಂದ ಗುಣಿಸಿದರೆ, ಪೆಡಲಿನ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ. ಮನೆಯಲ್ಲಿ ಅಷ್ಟು ಗಟ್ಟಿ ರಟ್ಟಿನ ಪುಸ್ತಕವೆಂದರೆ ನಮ್ಮ ಮದುವೆಯ ಆಲ್ಬಂ ಒಂದೇ. ಚಡ್ಡಿಯಲ್ಲಿ, ಆಲ್ಬಮ್ಮನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಹಲ್ಲಿನಲ್ಲಿ ಪೆನ್ಸಿಲ್ ಕಚ್ಚಿ ನಿಂತಿದ್ದಾಗ ಹೆಂಡತಿ ಒಳಗೆ ಬಂದಳು. ಒಂದು ಕ್ಷಣ ನೋಡಿದಳು. ‘ಅದರಲ್ಲಿ ನಮ್ಮ ಅಪ್ಪ ಅಮ್ಮನ ಫೋಟೊ ಕೂಡ ಇದೆ’ ಎಂದಷ್ಟೇ ಹೇಳಿ ಬಾಗಿಲು ಮುಂದೆಳೆದುಕೊಂಡು ಹೋದಳು.

ಬಂದದ್ದು 78 ಸೆಂಟಿಮೀಟರ್. ಗುಣಿಸಿದರೆ 68.9. ಆ ರಾತ್ರಿ ಸೀಟು ಅಲ್ಲಿಗೆ ನಿಂತಿತು. ಮಂಡಿನೋವು ನಿಜಕ್ಕೂ ಇಳಿಯಿತು. ಗಣಿತದ ಮೇಷ್ಟರು ಬದುಕಿದ್ದರೆ ಹೋಗಿ ಕಾಲಿಗೆ ಬೀಳುತ್ತಿದ್ದೆ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅಳತೆಯ ಹುಚ್ಚು ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಪೆಡಲಿನ ತೋಳು ನೆಲಕ್ಕೆ ಸಮಾನಾಂತರವಾಗಿದ್ದಾಗ ಮಂಡಿಚಿಪ್ಪಿನ ಮುಂದಿನಿಂದ ಇಳಿಬಿಟ್ಟ ತೂಗುಗುಂಡು ಪೆಡಲಿನ ಅಚ್ಚಿನ ಮೇಲೆ ಬರಬೇಕು ಎಂಬ ಇನ್ನೊಂದು ಹಳೆಯ ನಿಯಮವಿದೆ. ಬಲ್ಲವರಲ್ಲೇ ಎಷ್ಟೋ ಜನ ಅದನ್ನು ಒಪ್ಪುವುದಿಲ್ಲ. ನಾನು ಒಪ್ಪಿದೆ. ಅಜ್ಜಿಯ ಅಡಕತ್ತರಿಗೆ ನೂಲು ಕಟ್ಟಿ, ಮಗನ ಕೈಗೆ ಕೊಟ್ಟು, ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ಸೈಕಲ್ ಏರಿ ಕುಳಿತೆ. ಅಡಕತ್ತರಿ ಗಡಿಯಾರದ ಲೋಲಕದಂತೆ ತೂಗಾಡಿತು. ‘ಅಪ್ಪಾ, ಫ್ಯಾನ್ ಆರಿಸಲೇ?’ ಎಂದು ಮಗ ಕೈ ಚಾಚಿದ. ನಾನೂ ಸೈಕಲ್ಲೂ ಒಟ್ಟಾಗಿ, ಯಾವ ಆತುರವೂ ಇಲ್ಲದೆ, ಅಕ್ಕಿ ಡಬ್ಬದ ಮೇಲೆ ಒರಗಿದೆವು.

ಇನ್ನು ಮೆತ್ತೆ ಹೊಲಿದ ಸೈಕಲ್ ಚಡ್ಡಿ. ಅದರೊಳಗೆ ಬೇರೆ ಒಳಉಡುಪು ತೊಡಬಾರದು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನನ್ನ ಸಂಸ್ಕಾರ ಒಪ್ಪುತ್ತಿರಲಿಲ್ಲ. ಒಳಗಿನ ಹೊಲಿಗೆ ತೊಡೆಸಂದಿಯಲ್ಲಿ ಬರೆದ ಕಥೆಯನ್ನು ಇಲ್ಲಿ ವಿವರಿಸುವುದಿಲ್ಲ. ಮೂರು ದಿನ ಕಚೇರಿಯಲ್ಲಿ ನಿಂತೇ ಕಡತ ನೋಡಿದೆ.

ನಿಜವಾದ ಹೆದರಿಕೆ ಹುಟ್ಟಿದ್ದು ಕೈಯಲ್ಲಿ. ಒಂದು ಭಾನುವಾರ ನಲವತ್ತು ಕಿಲೋಮೀಟರ್ ಮುಗಿಸಿ ಬಂದು ಅಂಗಿಯ ಗುಂಡಿ ಹಾಕಿಕೊಳ್ಳಲು ನೋಡಿದರೆ ಎಡಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ನನ್ನವಲ್ಲವೇನೋ ಎಂಬಷ್ಟು ಮರಗಟ್ಟಿದ್ದವು. ನೇರ ಪಾರ್ಶ್ವವಾಯುವಿಗೇ ಹೋಯಿತು ಯೋಚನೆ. ಡಾಕ್ಟರು ಕೈ ತಿರುಗಿಸಿ ನೋಡಿ ನಕ್ಕರು. ಅಂಗೈಯ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಹೋದರೆ ಈ ಎರಡು ಬೆರಳುಗಳೇ ಮುಷ್ಕರ ಹೂಡುತ್ತವಂತೆ. ಹ್ಯಾಂಡಲ್ ಮೇಲೆ ಭಾರ ಬಿಡುವ ಸೈಕಲ್ ಸವಾರರಿಗೆ ಅದು ಪರಿಚಿತ ಕಾಯಿಲೆ. ‘ನಿಮಗೇನೂ ಆಗಿಲ್ಲ, ನಿಮ್ಮ ಸೈಕಲ್‌ಗೆ ಚಿಕಿತ್ಸೆ ಕೊಡಿಸಿ’ ಎಂದರು.

ಹಾಗಾಗಿ ಗೆಳೆಯನ ಕಾರಿನಲ್ಲಿ ಸೈಕಲ್ ಹೇರಿಕೊಂಡು ಸವಾರನ ಮೈಗೆ ಸೈಕಲ್ ಹೊಂದಿಸಿಕೊಡುವ ಬೆಂಗಳೂರಿನ ಫಿಟ್ಟರ್ ಒಬ್ಬರ ಬಳಿಗೆ ಹೋದೆ. ಆತ ಸೈಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. ಜಾತಕ ಕೂಡದ ದಂಪತಿಯ ಎದುರು ಕುಳಿತ ಜೋಯಿಸರ ಮುಖ. ‘ಇದನ್ನು ಯಾರು ಕೊಟ್ಟರು?’ ಎಂದರೇ ಹೊರತು ಬೈಯಲಿಲ್ಲ. ಸೊಂಟ, ಮಂಡಿ, ಹರಡುಗಳಿಗೆ ಬಿಂದು ಅಂಟಿಸಿ, ನಿಂತಲ್ಲೇ ಪೆಡಲ್ ತುಳಿಸಿ, ವಿಡಿಯೊ ತೆಗೆದು, ಕಾಲು ಪೂರ್ತಿ ಕೆಳಗಿರುವಾಗ ಮಂಡಿ ಎಷ್ಟು ಡಿಗ್ರಿ ಬಾಗಿದೆ ಎಂದು ಅಳೆದರು. 25ರಿಂದ 35ರೊಳಗೆ ಇರಬೇಕಂತೆ. ನನ್ನದು 31. ಲಿಮಾಂಡ್ ಸಾಹೇಬರಿಗೆ ಜಯವಾಗಲಿ! ತೊಂದರೆ ಇದ್ದದ್ದು ಮುಂದಕ್ಕೆ ಚಾಚುವುದರಲ್ಲಿ. ಹ್ಯಾಂಡಲ್ಲನ್ನು ಹಿಡಿದಿಡುವ ಸ್ಟೆಮ್ 110 ಮಿಲಿಮೀಟರ್ ಇದ್ದದ್ದನ್ನು ಕಿತ್ತು 80ರದ್ದು ಹಾಕಿದರು. 44 ಸೆಂಟಿಮೀಟರ್ ಅಗಲದ ಹ್ಯಾಂಡಲ್ ಹೋಗಿ 40ರದ್ದು ಬಂತು. ‘ಇದು ಸಂಧಾನ, ಪರಿಹಾರವಲ್ಲ. ಚೌಕಟ್ಟು ದೊಡ್ಡದೇ’ ಎಂದು ಎಚ್ಚರಿಸಿದರು. ಬಿಲ್ಲು ಕಂಡು, ಕಾಲೇಜಿನ ದಿನಗಳಲ್ಲಿ ಇದರ ಅರ್ಧಕ್ಕೆ ಇಡೀ ಸೈಕಲ್ಲೇ ಬಂದಿತ್ತಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು.

ಹೊರಡುವಾಗ ನನ್ನ ಮುಖ ನೋಡಿ ಸಮಾಧಾನವೆಂಬಂತೆ ಎಡ್ಡಿ ಮರ್ಕ್ಸ್ ವಿಷಯ ಹೇಳಿದರು. ಐದು ಸಲ ಟೂರ್ ಗೆದ್ದ ಬೆಲ್ಜಿಯಂನ ಆ ಮಹಾಶಯ 1969ರಲ್ಲಿ ಫ್ರಾನ್ಸಿನ ಬ್ಲುವಾದ ಟ್ರ್ಯಾಕ್‌ನಲ್ಲಿ ಬಿದ್ದು ಸೊಂಟದ ಮೂಳೆ ಜರುಗಿಸಿಕೊಂಡ ಮೇಲೆ, ಸ್ಪರ್ಧೆಯ ನಡುವೆಯೇ ಸೀಟಿನ ಎತ್ತರ ಬದಲಿಸುತ್ತಿದ್ದರಂತೆ. ಅಂಥವರಿಗೇ ಕೊನೆಯವರೆಗೂ ಸೀಟು ಕೂಡಿಬರಲಿಲ್ಲ ಎಂದಮೇಲೆ ಅಕ್ಕಿ ಡಬ್ಬದ ಮೇಲೆ ಬಿದ್ದವನದೇನು!

ಈಗ ಬೆರಳುಗಳು ಕೆಲಸಕ್ಕೆ ಮರಳಿವೆ. ಕಳೆದ ತಿಂಗಳು ಬೆಟ್ಟದ ನಂದಿಯವರೆಗೆ ನಿಲ್ಲದೆ ಹತ್ತಿದೆ. ಸೀಟಿನ ಎತ್ತರ ಮತ್ತೆ ತಪ್ಪಬಾರದೆಂದು ಹೆಂಡತಿಯ ಕೆಂಪು ನೇಲ್ ಪಾಲಿಶ್‌ನಿಂದ ಸೀಟಿನ ಕಂಬಕ್ಕೆ ಸಣ್ಣ ಗೆರೆ ಎಳೆದಿದ್ದೇನೆ. ದಾರಿಯಲ್ಲಿ ವಾಕಿಂಗ್ ಹಿರಿಯರು, ‘ಸೀಟು ಸ್ವಲ್ಪ ಇಳಿಸಿ ಸ್ವಾಮಿ, ಬಿದ್ದೀರಿ’ ಎನ್ನುತ್ತಲೇ ಇರುತ್ತಾರೆ. ನಕ್ಕು ಮುಂದೆ ಹೋಗುತ್ತೇನೆ.

ಮೊನ್ನೆ ಪಂಕ್ಚರ್ ಹಾಕಿಸಲು ಬೀದಿಯ ಕೊನೆಯ ಅಂಗಡಿಯಲ್ಲಿ ಸೈಕಲ್ ಬಿಟ್ಟು ತರಕಾರಿಗೆ ಹೋಗಿದ್ದೆ. ಬಂದು ನೋಡಿದರೆ ಕೆಂಪು ಗೆರೆ ಕಾಣುತ್ತಿಲ್ಲ. ಮುದುಕಪ್ಪ ಕೈ ಒರೆಸಿಕೊಳ್ಳುತ್ತ, ‘ಕಾಲು ನೆಲಕ್ಕೆ ಸಿಗಲಿ ಎಂದು ನಾನೇ ಇಳಿಸಿದೆ. ಇದಕ್ಕೆ ಕಾಸು ಬೇಡ’ ಎಂದ.