ಚಿತ್ರದಲ್ಲಿ ಕಾಣದ ಅರ್ಧ ಗಾಡಿ

ಹಳೆಯ ಇಟಾಲಿಯನ್ ಬೈಕೊಂದು ಮಾರಾಟಕ್ಕಿದೆ ಎಂದು ತಿಳಿದು ವಿಚಾರಿಸಿದರೆ, ಮಾರುವವರು ಮೂವತ್ತು ನಲವತ್ತು ಚಿತ್ರಗಳನ್ನು ಕಳಿಸುತ್ತಾರೆ. ಟ್ಯಾಂಕ್ ಎಡದಿಂದ, ಬಲದಿಂದ, ಮೇಲಿನಿಂದ ಕಾಣುತ್ತದೆ. ಸೈಲೆನ್ಸರಿನ ಹೊಳಪಿನಲ್ಲಿ ಚಿತ್ರ ತೆಗೆದವರ ಮುಖವೂ ಕಾಣುತ್ತದೆ. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿ ಬದಲಿಸುವ, ಎಂಜಿನ್ನಿನ ಒಳಗಿನ ಕ್ರ್ಯಾಂಕ್ ಮಾತ್ರ ಒಂದರಲ್ಲೂ ಇರುವುದಿಲ್ಲ. ಇದಕ್ಕೆ ಮಾರುವವರನ್ನು ದೂರಿ ಫಲವಿಲ್ಲ, ಏಕೆಂದರೆ ಕೊಳ್ಳುವ ನಾವು ಕೇಳುವುದೂ ಅದನ್ನೇ: ಬಣ್ಣ ಕಂಪನಿಯದೇ, ಸ್ಟಿಕರ್ ಸರಿಯಾದ ಜಾಗದಲ್ಲಿದೆಯೇ, ನಟ್ಟಿನ ತಲೆಯ ಮೇಲೆ ಆ ಕಾಲದ ಗುರುತು ಇದೆಯೇ ಎಂದು. ಈ ಬೈಕುಗಳಿಗೆ ಬೆಲೆ ಕಟ್ಟುವಾಗ ನಾವು ಹೊರಮೈಗೆ ಕೊಡುವ ತೂಕದ ಅರ್ಧದಷ್ಟನ್ನೂ ಎಂಜಿನ್ನಿನ ಒಳಗೆ ನಡೆದಿರುವ ಕೆಲಸಕ್ಕೆ ಮತ್ತು ಅದರ ಲಿಖಿತ ದಾಖಲೆಗೆ ಕೊಡುತ್ತಿಲ್ಲ ಎಂಬುದು ನನ್ನ ಹಳೆಯ ತಕರಾರು.

ಡುಕಾಟಿಯ ಬೆವೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. 1954ರಲ್ಲಿ ಬೊಲೊನ್ಯಾದ ಆ ಕಾರ್ಖಾನೆಗೆ ಬಂದ ಫಾಬಿಯೋ ತಲ್ಯೋನಿ, ಕ್ರ್ಯಾಂಕಿನಿಂದ ವಾಲ್ವುಗಳನ್ನು ಆಡಿಸುವ ಕ್ಯಾಮ್‌ವರೆಗೆ ಶಕ್ತಿಯನ್ನು ಚೈನಿನ ಬದಲು ಉದ್ದನೆಯ ಶಾಫ್ಟ್ ಮತ್ತು ಓರೆ ಹಲ್ಲಿನ (ಬೆವೆಲ್) ಗಿಯರ್‌ಗಳ ಮೂಲಕ ಸಾಗಿಸಿದರು. ಅವರ ಡೆಸ್ಮೊ ವ್ಯವಸ್ಥೆಯಲ್ಲಿ ವಾಲ್ವ್ ತೆರೆಯುವುದಕ್ಕೆ ಒಂದು ರಾಕರ್ (ಸನ್ನೆಯಂಥ ತೋಳು) ಇದ್ದಂತೆ ಮುಚ್ಚುವುದಕ್ಕೂ ಇನ್ನೊಂದು ಇರುತ್ತದೆ. ಎಂಜಿನ್ ವೇಗ ಏರಿದಾಗ ವಾಲ್ವ್ ಮುಚ್ಚುವ ಸ್ಪ್ರಿಂಗ್ ಹಿಂದೆ ಬೀಳುವ, ಇತರ ಎಂಜಿನ್ನುಗಳ ತೊಂದರೆ ಇದರಿಂದ ತಪ್ಪುತ್ತದೆ. 1956ರ 125 ಸಿಸಿ ರೇಸ್ ಬೈಕಿನಲ್ಲಿ ಮೊದಲು ಕಂಡ ಈ ಏರ್ಪಾಡು 1968ರಲ್ಲಿ ರಸ್ತೆಯ ಬೈಕಿಗೂ ಬಂತು. ಕೇಳಲು ಇದು ಸೊಗಸು, ಆದರೆ ಸ್ಪ್ಯಾನರ್ ಹಿಡಿದು ಕೂತವರಿಗೆ ಇದರ ಅರ್ಥವೇ ಬೇರೆ. ಪ್ರತಿ ಜೋಡಿ ಗಿಯರಿನ ಹಲ್ಲುಗಳು ಎಷ್ಟು ಆಳಕ್ಕೆ ಕೂರಬೇಕೆಂಬುದನ್ನು ಕೂದಲೆಳೆಯಷ್ಟು ತೆಳ್ಳಗಿನ ಲೋಹದ ಬಿಲ್ಲೆಗಳಾದ ಶಿಮ್‌ಗಳು ನಿರ್ಧರಿಸುತ್ತವೆ. ಬಿಗಿಯಾದರೆ ಗಿಯರ್ ಗುಂಯ್‌ಗುಟ್ಟುತ್ತದೆ, ಸಡಿಲವಾದರೆ ಕಟಕಟಿಸುತ್ತದೆ. ಪ್ರತಿ ವಾಲ್ವಿಗೂ ತೆರೆಯುವ ಕಡೆ ಒಂದು, ಮುಚ್ಚುವ ಕಡೆ ಒಂದು, ಹೀಗೆ ಎರಡು ಸಂದುಗಳನ್ನು ಅಳೆಯಬೇಕು. ಅಳೆದು, ಬಿಚ್ಚಿ, ಶಿಮ್ ಬದಲಿಸಿ, ಮತ್ತೆ ಕೂಡಿಸಿ, ಮತ್ತೆ ಅಳೆದು, ಸರಿಬಾರದೆ ಮತ್ತೊಮ್ಮೆ ಬಿಚ್ಚಿ ದಿನಗಟ್ಟಲೆ ಕೂರುವವರ ತಾಳ್ಮೆಯಲ್ಲಿಯೇ ಆ ಎಂಜಿನ್ನಿನ ಆಯುಷ್ಯ ಇದೆ, ಮತ್ತು ಅದರ ಕುರುಹು ಹೊರಗೆ ಎಲ್ಲಿಯೂ ಕಾಣುವುದಿಲ್ಲ.

ಕ್ರ್ಯಾಂಕಿನ ವಿಷಯ ಇನ್ನೂ ಗುಟ್ಟಿನದು. 1971ರಲ್ಲಿ ಬಂದ 750 ಜಿಟಿಯಂಥ ದುಂಡು ಕೇಸಿನ (ಎಂಜಿನ್ನಿನ ಹೊರಕವಚ ದುಂಡಗಿರುವ) ಡುಕಾಟಿಗಳಲ್ಲಿ ಇಂದಿನ ಬೈಕುಗಳಂತೆ ಕಾಗದದ ಆಯಿಲ್ ಫಿಲ್ಟರ್ ಇರಲಿಲ್ಲ, ಒಂದು ಜಾಲರಿ ಇತ್ತು ಅಷ್ಟೇ. ಆಯಿಲಿನಲ್ಲಿ ಬೆರೆತ ಕಸ ಕ್ರ್ಯಾಂಕ್ ಪಿನ್ನಿನ ಒಳಗಿನ ಟೊಳ್ಳಿನಲ್ಲಿ ಕೆಸರಾಗಿ ಗಟ್ಟಿಯಾಗುತ್ತದೆ. ಕ್ರ್ಯಾಂಕ್ ಹೊರತೆಗೆದು, ಆ ಟೊಳ್ಳಿನ ಮುಚ್ಚಳ ಬಿಚ್ಚಿ ಚೊಕ್ಕಟ ಮಾಡದಿದ್ದರೆ ಆಯಿಲಿನ ದಾರಿ ಕಟ್ಟಿಕೊಂಡು ಬಿಗ್ ಎಂಡ್ (ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಕೂಡುವ ಬೇರಿಂಗ್) ಒಣಗುತ್ತದೆ. ಹೊಸ ಬಣ್ಣ ಬಳಿಸಿಕೊಂಡು, ಎಂಜಿನ್ ಕೇಸನ್ನು ಕನ್ನಡಿಯಂತೆ ಉಜ್ಜಿಸಿಕೊಂಡು ನಿಂತ ಜಿಟಿಯ ಒಡೆಯರನ್ನು ನಾನು ಕೇಳುವ ಮೊದಲ ಪ್ರಶ್ನೆ, ಕ್ರ್ಯಾಂಕ್ ಕೊನೆಯ ಸಲ ಬಿಚ್ಚಿದ್ದು ಯಾವಾಗ ಎಂಬುದು. ಹಲವರು ಸೀಟಿನ ಹೊಲಿಗೆಯ ವಿಚಾರಕ್ಕೆ ಮಾತು ತಿರುಗಿಸುತ್ತಾರೆ.

ಇನ್ನು 'ಒರಿಜಿನಲ್' ಎಂಬ ಪದ. ಇಟಲಿಯ ಅಂದಿನ ಕಾರ್ಖಾನೆಗಳನ್ನು ಬಲ್ಲವರು ಇದನ್ನು ಸ್ವಲ್ಪ ನಗುತ್ತಲೇ ಬಳಸಬೇಕು. ಅದೇ 750 ಜಿಟಿ ಕೆಲವೊಮ್ಮೆ ಆಮಲ್ ಕಾರ್ಬೊರೇಟರಿನೊಂದಿಗೆ, ಕೆಲವೊಮ್ಮೆ ಡೆಲ್ಲೋರ್ಟೊದೊಂದಿಗೆ ಹೊರಬಂತು; ಮೀಟರುಗಳು ಒಮ್ಮೆ ಸ್ಮಿತ್ಸ್, ಇನ್ನೊಮ್ಮೆ ವೆಲ್ಯಾ; ಬ್ರೇಕ್ ಒಮ್ಮೆ ಲಾಕ್‌ಹೀಡ್, ಇನ್ನೊಮ್ಮೆ ಸ್ಕಾರಾಬ್. ಒಂದೇ ಮಾದರಿ ಇಷ್ಟು ಬಗೆಯ ಬಿಡಿಭಾಗ ತೊಟ್ಟು ಹೊರಬಂದಿರುವಾಗ, ಐವತ್ತು ವರ್ಷಗಳ ನಂತರ ನಾವು ಒಂದೇ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪ್ರದರ್ಶನದಲ್ಲಿ ಅಂಕ ಕಳೆಯುವುದು ನನಗೆ ಕಾರ್ಖಾನೆಗಿಂತ ಹೆಚ್ಚಿನ ಮಡಿವಂತಿಕೆಯಾಗಿ ಕಾಣುತ್ತದೆ.

ಆದರೆ ಮೂಲಸ್ವರೂಪಕ್ಕೆ ಬೆಲೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. 1972ರ ಇಮೋಲಾ 200 ಮೈಲಿ ರೇಸಿನಲ್ಲಿ ಡುಕಾಟಿ ಬೈಕುಗಳ ಮೇಲೆ ಪಾಲ್ ಸ್ಮಾರ್ಟ್ ಮೊದಲಿಗರಾಗಿ, ಬ್ರೂನೊ ಸ್ಪಜ್ಜಾರಿ ಎರಡನೆಯವರಾಗಿ ಬಂದದ್ದರ ನೆನಪಿಗೆ 1974ರಲ್ಲಿ ತಯಾರಾದ ಹಸಿರು ಫ್ರೇಮಿನ 750 ಸೂಪರ್ ಸ್ಪೋರ್ಟ್ ಸುಮಾರು 400 ಮಾತ್ರ. ಬ್ರೆಗಾಂತ್ಸೆಯ ಲವೆರ್ದಾ ಕಾರ್ಖಾನೆಯ ಕಿತ್ತಳೆ ಬಣ್ಣದ 750 ಎಸ್‌ಎಫ್‌ಸಿ ಸುಮಾರು 550. ಇಷ್ಟು ವಿರಳವಾದ ಗಾಡಿಗೂ ಅದರ ಸಾಮಾನ್ಯ ಅಣ್ಣತಮ್ಮಂದಿರಿಗೂ ಬೆಲೆಯಲ್ಲಿ ಆಕಾಶ ಭೂಮಿಯ ಅಂತರ ಇರುವುದರಿಂದ, ಜಿಟಿಗೆ ಹಸಿರು ಬಣ್ಣ ಬಳಿದು ಸೂಪರ್ ಸ್ಪೋರ್ಟ್ ಎಂದು ತೋರಿಸುವವರೂ ಇದ್ದಾರೆ. ಇಲ್ಲಿ ಫ್ರೇಮ್ ನಂಬರ್, ಎಂಜಿನ್ ನಂಬರ್, ಹಳೆಯ ನೋಂದಣಿ ಪುಸ್ತಕ ಎಲ್ಲವೂ ಬೇಕೇಬೇಕು. ಇಟಲಿಯಲ್ಲಂತೂ ಮೊದಲ ನಂಬರ್ ಪ್ಲೇಟ್ ಮತ್ತು ನೋಂದಣಿ ಪುಸ್ತಕ ಗಾಡಿಯ ಜೊತೆಗೇ ಉಳಿದಿದ್ದರೆ ಬೆಲೆಯೂ ಏರುತ್ತದೆ. ಆದರೂ ಗಮನಿಸಿ: ಸೂಪರ್ ಸ್ಪೋರ್ಟಿನ ನಿಜವಾದ ವ್ಯತ್ಯಾಸ ಇರುವುದು ಡೆಸ್ಮೊ ಹೆಡ್ಡಿನಲ್ಲಿ ಮತ್ತು ಉಜ್ಜಿ ನಯಗೊಳಿಸಿದ ಕನೆಕ್ಟಿಂಗ್ ರಾಡಿನಲ್ಲಿ. ಸತ್ಯ ತಿಳಿಯಲು ಕೊನೆಗೂ ಎಂಜಿನ್ ಬಿಚ್ಚಿದವರ ಮಾತೇ ಬೇಕಾಗುತ್ತದೆ.

ಬೆಲೆಯಲ್ಲಿ ಅಭಿರುಚಿಯ ಪಾಲೂ ದೊಡ್ಡದು. ಕಾರುಗಳ ವಿನ್ಯಾಸಕ ಜೊರ್ಜೆತ್ತೊ ಜುಜಾರೊ ರೂಪಿಸಿದ ಡುಕಾಟಿ 860 ಜಿಟಿಯ ಚೌಕುಚೌಕು ರೂಪ ಬಂದ ಕಾಲಕ್ಕೇ ಹಲವರಿಗೆ ಹಿಡಿಸಲಿಲ್ಲ, ಇಂದಿಗೂ ಅದು ದುಂಡು ಕೇಸಿನ ಬೈಕುಗಳಿಗಿಂತ ಅಗ್ಗ. ಆದರೆ ಬದಲಿಸಬಹುದಾದ ಆಯಿಲ್ ಫಿಲ್ಟರ್ ಇರುವುದು ಅದರಲ್ಲಿ. ದಿನವೂ ಓಡಿಸಲು ಬೆವೆಲ್ ಡುಕಾಟಿ ಬೇಕು ಎನ್ನುವವರಿಗೆ ನಾನು ಸಂಕೋಚವಿಲ್ಲದೆ ಸೂಚಿಸುವುದು ಅದನ್ನೇ. (ರೂಪ ನನಗೂ ಇಷ್ಟವಿಲ್ಲ. ಓಡಿಸುವಾಗ ಕಾಣುವುದಿಲ್ಲವಲ್ಲ.)

ನನ್ನ ಬಳಿ ಇರುವುದು ಮೋಟೊ ಗುಜ್ಜಿ 850 ಟಿ3. ನಾವು ಗುಜ್ಜಿ ಎನ್ನುತ್ತೇವೆ. ಕೋಮೊ ಸರೋವರದ ದಂಡೆಯ ಮಾಂದೆಲ್ಲೊದಲ್ಲಿ, 1921ರಿಂದ ಆ ಕಂಪನಿ ಇರುವ ಊರಿನಲ್ಲಿ, ಅದು ಗುಟ್ಸಿ. ಎರಡು ಸಿಲಿಂಡರುಗಳು ಎಡಬಲಕ್ಕೆ ಚಾಚಿಕೊಂಡಿರುವುದರಿಂದ ಟ್ಯಾಂಕ್ ಬಿಚ್ಚದೆಯೇ, ಸಂದು ಅಳೆಯುವ ಫೀಲರ್ ಗೇಜ್ ಮತ್ತು ಸ್ಪ್ಯಾನರ್ ಸಾಕಾಗಿ, ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವಿನ ಸಂದು ಸರಿಪಡಿಸುವ ಕೆಲಸ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕಂಪನಿಯ ಎಂಜಿನಿಯರ್ ಜೂಲಿಯೊ ಚೆಸಾರೆ ಕಾರ್ಕಾನೊ ರೂಪಿಸಿದ ಈ ವಿ-ಟ್ವಿನ್ ಇಷ್ಟು ಕಾಲ ಬಾಳಿದ್ದಕ್ಕೆ ಈ ಸರಳತೆಯೂ ಒಂದು ಕಾರಣ ಎಂದು ನಾನು ಭಾವಿಸುತ್ತೇನೆ. ಆದರೆ ಇದರಲ್ಲಿಯೂ ಕಾಣದ ಅರ್ಧವಿದೆ. ಆ ಕಾಲದ ಹಲವು ಗುಜ್ಜಿಗಳ ಸಿಲಿಂಡರ್ ಬೋರಿಗೆ (ಒಳಗೋಡೆಗೆ) ಕ್ರೋಮ್ ಲೇಪವಿತ್ತು. ವಯಸ್ಸಾದಂತೆ, ಅದರಲ್ಲೂ ಓಡಿಸದೆ ವರ್ಷಗಟ್ಟಲೆ ನಿಲ್ಲಿಸಿದರೆ, ಆ ಲೇಪ ಚಕ್ಕೆ ಚಕ್ಕೆಯಾಗಿ ಎದ್ದು ಆಯಿಲಿನಲ್ಲಿ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ. ಪರಿಹಾರವೆಂದರೆ ನಿಕಾಸಿಲ್ ಎಂಬ ಗಟ್ಟಿ ಲೇಪದ ಹೊಸ ಸಿಲಿಂಡರ್ ಮತ್ತು ಪಿಸ್ಟನ್ ಜೋಡಿ. ಮಡಿವಂತರ ಲೆಕ್ಕದಲ್ಲಿ ಅದು ಮೂಲಭಾಗವಲ್ಲ, ನನ್ನ ಲೆಕ್ಕದಲ್ಲಿ ಅದರ ರಸೀದಿ ಹೊಸ ಬಣ್ಣಕ್ಕಿಂತ ಬೆಲೆಯುಳ್ಳದ್ದು. ನಾನು ಈ ಬೈಕನ್ನು ಆರಿಸಿಕೊಂಡದ್ದೇ ಹಿಂದಿನ ಒಡೆಯರು ಆ ರಸೀದಿಯನ್ನು ಜೋಪಾನವಾಗಿ ಇಟ್ಟಿದ್ದರು ಎಂಬ ಕಾರಣಕ್ಕೆ. ಅದಕ್ಕೂ ಮೊದಲು ನೋಡಿದ, ಇದಕ್ಕಿಂತ ಎರಡು ಪಾಲು ಹೊಳೆಯುತ್ತಿದ್ದ ಇನ್ನೊಂದು ಗಾಡಿಯ ಮಾಲೀಕರು ಆಯಿಲ್ ಬದಲಿಸಿದ ದಿನಾಂಕವನ್ನೂ ಹೇಳಲಾರದೆ ಹೋದರು.

ಓಡಿಸದೆ ನಿಲ್ಲಿಸುವುದರ ಕೇಡು ಸಿಲಿಂಡರಿಗಷ್ಟೇ ಅಲ್ಲ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ, ಸೀಲುಗಳು ಒಣಗುತ್ತವೆ. ಎಥನಾಲ್ ಬೆರೆತ ಪೆಟ್ರೋಲ್ ಆ ಕಾಲದ ಫೈಬರ್‌ಗ್ಲಾಸ್ ಟ್ಯಾಂಕಿನ ರಾಳವನ್ನೇ ಮೆತ್ತಗೆ ಮಾಡುತ್ತದೆ, ಆದ್ದರಿಂದ ಅಂಥ ಟ್ಯಾಂಕಿಗೆ ಒಳಲೇಪ ಹಾಕಿಸಬೇಕು, ಇಲ್ಲವೇ ಮೂಲ ಟ್ಯಾಂಕನ್ನು ಮನೆಯಲ್ಲಿಟ್ಟು ಲೋಹದ ಟ್ಯಾಂಕ್ ಹಾಕಿಕೊಂಡು ಓಡಿಸಬೇಕು. ಹೀಗೆ ಮಾಡಿದ ಗೆಳೆಯರನ್ನು ನಮ್ಮವರೇ ಹಂಗಿಸುವುದನ್ನು ಕೇಳಿದ್ದೇನೆ. ಮೂಲಭಾಗವನ್ನು ಬಿಸಾಡಿದರೆ ಹಂಗಿಸೋಣ. ತೆಗೆದು, ಒರೆಸಿ, ಚೀಟಿ ಅಂಟಿಸಿ ಇಟ್ಟವರನ್ನೇಕೆ?

ನಮ್ಮ ಬಳಗದಲ್ಲಿ ಒಬ್ಬರಿಗೆ ಶಿಮ್ ಅಳತೆ ಗೊತ್ತು, ಇನ್ನೊಬ್ಬರ ಬಳಿ ಬಿಡಿಭಾಗಗಳ ಪುಸ್ತಕ ಇದೆ, ಮತ್ತೊಬ್ಬರು ಡೆಲ್ಲೋರ್ಟೊದ ಜೆಟ್ ನಂಬರುಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಇವರೆಲ್ಲ ತಾವು ಮಾಡಿದ ಕೆಲಸವನ್ನು ಬರೆದಿಡುವುದಿಲ್ಲ ಎಂಬುದೇ ನನ್ನ ಕೊರಗು. ಪ್ರದರ್ಶನದ ತೀರ್ಪುಗಾರರು ಟ್ಯಾಂಕಿನ ಗೆರೆ ನೋಡುವ ಮೊದಲು ಒಡೆಯರ ನೋಟ್‌ಬುಕ್ ಕೇಳುವ ಪದ್ಧತಿ ಬಂದರೆ ಒಂದೆರಡು ವರ್ಷಗಳಲ್ಲಿಯೇ ಎಲ್ಲರೂ ಬರೆಯಲು ತೊಡಗುತ್ತಾರೆ.

ನನ್ನ ಟಿ3ಯಲ್ಲಿ ಸ್ಪಾರ್ಕಿನ ವೇಳೆ ನಿರ್ಧರಿಸುವ ಇಗ್ನಿಷನ್ ಪಾಯಿಂಟುಗಳನ್ನು ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದೇನೆ. ಹಳೆಯ ಪಾಯಿಂಟುಗಳು ಒಂದು ಡಬ್ಬಿಯಲ್ಲಿವೆ, ತೆಗೆದ ದಿನಾಂಕ ಮತ್ತು ಕಿಲೋಮೀಟರ್ ಅದರ ಮುಚ್ಚಳದ ಮೇಲಿದೆ. ನೋಟ್‌ಬುಕ್ಕಿನ ಸದ್ಯದ ಕೊನೆಯ ಸಾಲು ಪೆನ್ಸಿಲಿನಲ್ಲಿದೆ: ಕ್ಲಚ್ ಕೇಬಲ್ಲಿನ ಎರಡು ಎಳೆ ಬಿಟ್ಟಿವೆ, ಹೊಸದು ತರಿಸಬೇಕು. ಇದನ್ನು ಯಾರಿಗಾದರೂ ಒಪ್ಪಿಸುವ ದಿನ ಬಂದರೆ ಡಬ್ಬಿಯನ್ನೂ ಪುಸ್ತಕವನ್ನೂ, ಅದರೊಳಗಿನ ಇಂಥ ಸಾಲುಗಳನ್ನು ಅಳಿಸದೆ, ಕೀಲಿಕೈಗಿಂತ ಮೊದಲೇ ಅವರ ಕೈಗಿಡುತ್ತೇನೆ.